ಫಿಟ್ಸ್‌ಗೆ ಎದೆಯಲ್ಲಿ ಕೂರಿಸುವ ಮಿಷನ್: ಹಾಕಿಸುವ ಮುಂಚೆ ಮತ್ತು ಹಾಕಿಸಿದ ಮೇಲೆ

"ಅಕ್ಕಾ, ನಿಮ್ಮ ತಮ್ಮಂಗೆ ಎದೇಲಿ ಮಿಷನ್ ಹಾಕ್ಸಿದೀರಂತಲ್ಲ, ಅದನ್ನ ಹಾಕ್ಸಿದ್ರೆ ಪಿಡ್ಸು ನಿಂತೋಗುತ್ತಾ?" ಮಂಡ್ಯದಿಂದ, ಶ್ರೀರಂಗಪಟ್ಟಣದಿಂದ, ಮೈಸೂರಿನ ಬಡಾವಣೆಗಳಿಂದ ನನಗೆ ಬರುವ ಫೋನುಗಳಲ್ಲಿ ಈ ಪ್ರಶ್ನೆ ತಪ್ಪುವುದೇ ಇಲ್ಲ. ಒಬ್ಬೊಬ್ಬರಿಗೆ ಹೇಳುತ್ತಾ ಹೋದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ. ಮಿಷನ್ ಅಂದರೆ ವಿಎನ್‌ಎಸ್: ಎದೆಯಲ್ಲಿ ಕೂತು, ಕುತ್ತಿಗೆಯ ಒಂದು ನರಕ್ಕೆ ಆಗಾಗ ಸಣ್ಣ ವಿದ್ಯುತ್ ಕೊಟ್ಟು ಫಿಟ್ಸ್ ತಗ್ಗಿಸುವ ಬ್ಯಾಟರಿ ಪೆಟ್ಟಿಗೆ.

ಮೊದಲೇ ಹೇಳಿಬಿಡುತ್ತೇನೆ: ಹಾಕಿಸಿದ ತಕ್ಷಣ ಫಿಟ್ಸ್ ನಿಲ್ಲುವುದಿಲ್ಲ. ಹಾಕಿಸಿಕೊಂಡವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಫಿಟ್ಸ್ ಅರ್ಧಕ್ಕೆ ಇಳಿಯುತ್ತದೆ, ಅಥವಾ ಇನ್ನೂ ಕಮ್ಮಿಯಾಗುತ್ತದೆ. ಅದಕ್ಕೂ ಒಂದೆರಡು ವರ್ಷ ಹಿಡಿಯಬಹುದು. ಪೂರ್ತಿ ನಿಲ್ಲುವುದು ಕೆಲವೇ ಜನರಿಗೆ. ಮಾತ್ರೆಯಂತೂ ಮುಂದುವರಿಯಲೇಬೇಕು. ಇದನ್ನು ಮನೆಯವರೆಲ್ಲ ಒಪ್ಪಿಕೊಂಡ ಮೇಲೆ ಮುಂದಿನ ಹೆಜ್ಜೆ ಇಡಿ. ತಿಂಗಳಿಗೆ ಹತ್ತು ಸಲ ಬೀಳುತ್ತಿದ್ದವನು ನಾಲ್ಕು ಸಲ ಬಿದ್ದರೆ ಮನೆಯಲ್ಲಿ ಎಷ್ಟು ಉಸಿರಾಡಲು ಆಗುತ್ತದೆ ಅನ್ನುವುದು ಅನುಭವಿಸಿದವರಿಗೇ ಗೊತ್ತು.

ನಾನು ಡಾಕ್ಟರಲ್ಲ. ತಮ್ಮನನ್ನು ಆರು ವರ್ಷದಿಂದ ತಪಾಸಣೆಗೆ ಕರೆದುಕೊಂಡು ಓಡಾಡಿದವಳು, ಅಷ್ಟೇ. ಔಷಧಿ, ಡೋಸ್, ಸೆಟ್ಟಿಂಗ್ ಏನೇ ಬದಲಿಸುವುದಿದ್ದರೂ ನಿಮ್ಮ ನರರೋಗ ತಜ್ಞರೇ ಹೇಳಬೇಕು.

ಹಂತ 1: ಮಾತ್ರೆಯ ಲೆಕ್ಕ ಸರಿಯಿದೆಯಾ ನೋಡಿ

ಮಿಷನ್ ಇರುವುದು ಮಾತ್ರೆಗೆ ಬಗ್ಗದ ಮೂರ್ಛೆರೋಗಕ್ಕೆ. ಅಂದರೆ, ರೋಗಕ್ಕೆ ಹೊಂದುವ ಎರಡು ಔಷಧಿಗಳನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಫಿಟ್ಸ್ ಬರುತ್ತಲೇ ಇದ್ದರೆ ಅದನ್ನು 'ಔಷಧಿಗೆ ಬಗ್ಗದ್ದು' ಅನ್ನುತ್ತಾರೆ. ಮೂರ್ಛೆರೋಗ ಇರುವವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಜನ ಹೀಗಿರುತ್ತಾರೆ. ಉಳಿದವರಿಗೆ ಮಾತ್ರೆಯೇ ಸಾಕು.

ನಮ್ಮ ಪಕ್ಕದ ಯಳಂದೂರಿನ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ತಂಡ ನಡೆಸಿದ ಅಧ್ಯಯನ 2001ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಫಿನೋಬಾರ್ಬಿಟೋನ್, ಫಿನಿಟಾಯಿನ್‌ನಂಥ ಅಗ್ಗದ ಮಾತ್ರೆಗಳನ್ನೇ ಕೊಟ್ಟಿದ್ದರು. ತಪ್ಪದೆ ನುಂಗಿದವರಲ್ಲಿ ಬಹಳ ಜನರಿಗೆ ಫಿಟ್ಸ್ ಹತೋಟಿಗೆ ಬಂತು. ಲಕ್ಷಗಟ್ಟಲೆ ಖರ್ಚಿನ ಮಾತು ಎತ್ತುವ ಮುಂಚೆ ಇದು ನೆನಪಿರಲಿ.

ಎಡವುವುದು ಎಲ್ಲಿ ಅಂದರೆ:

- 'ಎರಡು ತಿಂಗಳಿಂದ ಬಂದಿಲ್ಲ, ವಾಸಿಯಾಯಿತು' ಅಂತ ಸುಮ್ನೆ ಮಾತ್ರೆ ಬಿಡುವುದು. ಒಮ್ಮೆಗೇ ಬಿಟ್ಟರೆ ನಿಲ್ಲದ ಹಾಗೆ ಫಿಟ್ಸ್ ಬಂದು ಜೀವಕ್ಕೇ ಅಪಾಯ.
- ಮಾತ್ರೆ ಮುಗಿದ ದಿನ ಅಂಗಡಿಗೆ ಹೋಗುವುದು. ಕನಿಷ್ಠ ಒಂದು ವಾರದ್ದು ಮನೆಯಲ್ಲಿ ಯಾವಾಗಲೂ ಇರಲಿ.
- ಅಂಗಡಿಯವರು ಕೊಟ್ಟ ಬೇರೆ ಕಂಪನಿಯದ್ದನ್ನು ಕೇಳದೆ ತೆಗೆದುಕೊಳ್ಳುವುದು.
- ಹರಕೆ, ಉಪವಾಸದ ದಿನ ಮಾತ್ರೆ ತಪ್ಪಿಸುವುದು. ಹರಕೆ ಹೊತ್ತುಕೊಳ್ಳಿ, ನಂಜನಗೂಡಿಗೆ ಹೋಗಿ ಬನ್ನಿ, ಆದರೆ ಮಾತ್ರೆ ಜೇಬಿನಲ್ಲಿರಲಿ. ಶಿವರಾತ್ರಿ ಜಾಗರಣೆಯಂತೂ ಬೇಡವೇ ಬೇಡ. ನಿದ್ದೆಗೆಟ್ಟರೆ ಫಿಟ್ಸ್ ಬರುವುದು ಜಾಸ್ತಿ.

ಹಂತ 2: ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆಯಿರಿ

ಇದಕ್ಕೆ ಕಾಸು ಬೇಕಿಲ್ಲ, ಆದರೂ ಜನ ಬಿಟ್ಟುಬಿಡುವುದು ಇದನ್ನೇ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತದಲ್ವಾ, ಅದೇ ಸಾಕು. ನಮ್ಮಮ್ಮ ದೊಡ್ಡ ಫಿಟ್ಸ್‌ಗೆ ಕೆಂಪು ಸುತ್ತು ಹಾಕುತ್ತಾರೆ, ಸುಮ್ನೆ ಮಂಕಾಗಿ ದಿಟ್ಟಿಸಿದರೆ ಒಂದು ಚುಕ್ಕೆ. ಪಕ್ಕದಲ್ಲಿ ಗಂಟೆ, ಎಷ್ಟು ನಿಮಿಷ, ಹಿಂದಿನ ರಾತ್ರಿ ನಿದ್ದೆ ಆಗಿತ್ತಾ, ಮಾತ್ರೆ ತಪ್ಪಿತ್ತಾ. ಡಾಕ್ಟರ ಮುಂದೆ ಕೂತಾಗ 'ಆಗಾಗ ಬರುತ್ತೆ ಸಾರ್' ಅನ್ನುವುದಕ್ಕೂ ಮೂರು ತಿಂಗಳ ಹಾಳೆ ಬಿಡಿಸಿ ತೋರಿಸುವುದಕ್ಕೂ ಬಹಳ ವ್ಯತ್ಯಾಸ ಇದೆ.

ಜೊತೆಗೆ ಒಂದು ವಿಡಿಯೋ. ಒಬ್ಬರು ಪಕ್ಕದಲ್ಲಿದ್ದು ನೋಡಿಕೊಳ್ಳಲಿ, ಇನ್ನೊಬ್ಬರು ಫೋನಿನಲ್ಲಿ ತೆಗೆಯಲಿ. ತಲೆ ಯಾವ ಕಡೆ ತಿರುಗಿತು, ಯಾವ ಕೈ ಮೊದಲು ಬಿಗಿಯಾಯಿತು ಅನ್ನುವುದರಿಂದ ತೊಂದರೆ ಮೆದುಳಿನ ಯಾವ ಭಾಗದಲ್ಲಿದೆ ಅಂತ ತಜ್ಞರು ಅಂದಾಜು ಮಾಡುತ್ತಾರೆ.

ನಮ್ಮ ಸೀಮೆಯವರು ಇನ್ನೊಂದನ್ನು ಬರೆಯಲೇಬೇಕು: ಫಿಟ್ಸ್ ಬಂದದ್ದು ತಲೆಗೆ ನೀರು ಹಾಕಿಕೊಳ್ಳುವಾಗಲಾ? ಬಿಸಿನೀರಿನ ಮೂರ್ಛೆ ಅಂತಲೇ ಒಂದು ಬಗೆ ಇದೆ. ಪ್ರಪಂಚದಲ್ಲಿ ಅಪರೂಪ, ದಕ್ಷಿಣ ಕರ್ನಾಟಕದಲ್ಲಿ ಹೆಚ್ಚು. ಹಂಡೆಯ ಸುಡುನೀರನ್ನು ಚೊಂಬಿನಲ್ಲಿ ಒಂದರ ಮೇಲೊಂದು ತಲೆಗೆ ಸುರಿಯುವ ನಮ್ಮ ಅಭ್ಯಾಸದಿಂದ ಇದು ಕೆರಳುತ್ತದೆ. ಇಂಥವರಲ್ಲಿ ಬಹಳಷ್ಟು ಜನರಿಗೆ ಉಗುರುಬೆಚ್ಚಗಿನ ನೀರಿನ ಸ್ನಾನ, ಬೇಕಾದರೆ ತಲೆಸ್ನಾನಕ್ಕೆ ಮುಂಚೆ ಡಾಕ್ಟರು ಬರೆದುಕೊಟ್ಟ ಕ್ಲೋಬಜಾಮ್ ಮಾತ್ರೆ, ಇಷ್ಟರಲ್ಲೇ ಹತೋಟಿ ಸಿಗುತ್ತದೆ. ಅವರಿಗೆ ಮಿಷನ್ ಯಾಕೆ?

ಹಂತ 3: 'ಆಪರೇಷನ್ ಆಗುತ್ತಾ?' ಅಂತ ಮೊದಲು ಕೇಳಿ

ಎಷ್ಟೋ ಜನ ಇದನ್ನು ಕೇಳದೆ ನೇರ ಮಿಷನ್ ಕಡೆ ಹೋಗುತ್ತಾರೆ. ಮೆದುಳಿನ ಒಂದೇ ಜಾಗದಿಂದ ಫಿಟ್ಸ್ ಹುಟ್ಟುತ್ತಿದ್ದು, ಆ ಜಾಗ ತೆಗೆದರೆ ತೊಂದರೆಯಿಲ್ಲ ಅಂತಾದರೆ ಆಪರೇಷನ್ನೇ ಮೇಲು. ಕಿವಿಯ ಹತ್ತಿರದ ಟೆಂಪೊರಲ್ ಭಾಗದಲ್ಲಿ ಗಾಯದ ಹಾಗೆ ಗಟ್ಟಿಯಾಗಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಆಪರೇಷನ್‌ನಿಂದ ದೊಡ್ಡ ಫಿಟ್ಸ್ ನಿಂತುಹೋಗುತ್ತದೆ. ಮಿಷನ್‌ನಿಂದ ಅಷ್ಟು ಸಿಗುವುದಿಲ್ಲ.

ಇದನ್ನು ತಿಳಿಯಲು ಬೇಕಾದ ಪರೀಕ್ಷೆಗಳು:

ವಿಡಿಯೋ ಇಇಜಿ. ತಲೆಗೆ ವೈರುಗಳನ್ನು ಅಂಟಿಸಿ, ಕ್ಯಾಮೆರಾ ಮುಂದೆ ಹಲವು ದಿನ ಮಲಗಿಸಿ, ಫಿಟ್ಸ್ ಬರುವ ಹೊತ್ತಿನ ಮೆದುಳಿನ ವಿದ್ಯುತ್ತನ್ನೂ ಚಿತ್ರವನ್ನೂ ಒಟ್ಟಿಗೆ ದಾಖಲಿಸುತ್ತಾರೆ. ಇಲ್ಲಿ ಕೆಲವೊಮ್ಮೆ ಬೇರೆಯದೇ ಗೊತ್ತಾಗುತ್ತದೆ. ಮನಸ್ಸಿನ ಒತ್ತಡದಿಂದ ಬರುವ, ನೋಡಲು ಫಿಟ್ಸ್‌ನಂತೆಯೇ ಇರುವ ಸೆಳೆತಗಳಿವೆ. ಅವರು ಬೇಕೆಂದು ನಟಿಸುವುದಲ್ಲ, ಅದಕ್ಕೂ ಚಿಕಿತ್ಸೆ ಇದೆ, ಆದರೆ ಅದು ಮಿಷನ್ ಅಲ್ಲ.

ಎಂಆರ್‌ಐ. ಮೂರ್ಛೆರೋಗಕ್ಕೆಂದೇ ಇರುವ ವಿಧಾನದಲ್ಲಿ ಮಾಡಿಸಬೇಕು. ಹಳೆಯ ಸಾದಾ ಸ್ಕ್ಯಾನ್‌ನಲ್ಲಿ 'ನಾರ್ಮಲ್' ಅಂತ ಬಂದವರಿಗೆ ಇದರಲ್ಲಿ ಸಣ್ಣ ಕಲೆ ಕಾಣಬಹುದು.

ಎಲ್ಲಿಗೆ ಹೋಗುವುದು? ಮೊದಲು ಹತ್ತಿರದಲ್ಲೇ ತೋರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆಎಸ್‌ಎಸ್ ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಇವೆ. ಅಲ್ಲಿಂದ ಪತ್ರ ಬರೆಸಿಕೊಂಡು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬಹುದು. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯೂ ಈ ಕೆಲಸಕ್ಕೆ ಹೆಸರಾದದ್ದು. ನಿಮ್ಹಾನ್ಸ್‌ನಲ್ಲಿ ಕಾಯಬೇಕಾಗುತ್ತದೆ, ಹಾಗಾಗಿ ಬೆಳಿಗ್ಗೆ ಬೇಗ ತಲುಪುವ ಹಾಗೆ ಹೊರಡಿ. ಆದರೆ ರೋಗಿಯನ್ನು ರಾತ್ರಿಯೆಲ್ಲ ಎಬ್ಬಿಸಿ ಕೂರಿಸಿಕೊಂಡು ಹೋಗಬೇಡಿ. ಆಗುವುದಾದರೆ ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ.

ಹಂತ 4: ಯಾವ ಮಿಷನ್ ಅಂತ ತಿಳಿದುಕೊಳ್ಳಿ

ಆಪರೇಷನ್ ಆಗುವುದಿಲ್ಲ ಅಂದಾಗ ಹೆಚ್ಚಾಗಿ ಹೇಳುವುದು ವಿಎನ್‌ಎಸ್, ಅಂದರೆ ವೇಗಸ್ ನರಕ್ಕೆ ವಿದ್ಯುತ್ ಕೊಡುವ ಮಿಷನ್. ವೇಗಸ್ ಅನ್ನುವುದು ಮೆದುಳಿನಿಂದ ಕುತ್ತಿಗೆಯಲ್ಲಿ ಇಳಿದು ಎದೆ, ಹೊಟ್ಟೆಗೆ ಹೋಗುವ ಉದ್ದನೆಯ ನರ. ಎಡ ಎದೆಯ ಮೇಲ್ಭಾಗದಲ್ಲಿ, ಚರ್ಮದ ಕೆಳಗೆ ಬ್ಯಾಟರಿ ಇರುವ ಚಪ್ಪಟೆ ಪೆಟ್ಟಿಗೆ ಕೂರಿಸಿ, ಅದರಿಂದ ಒಂದು ವೈರನ್ನು ಕುತ್ತಿಗೆಯ ಎಡಗಡೆಯ ವೇಗಸ್ ನರಕ್ಕೆ ಸುತ್ತುತ್ತಾರೆ. ಎಡಗಡೆಯೇ ಯಾಕೆಂದರೆ ಬಲಗಡೆಯದ್ದಕ್ಕೆ ಹೃದಯದ ಬಡಿತದ ಮೇಲೆ ಹಿಡಿತ ಜಾಸ್ತಿ. ಇದರಲ್ಲಿ ತಲೆಬುರುಡೆ ತೆರೆಯುವುದಿಲ್ಲ. ಅಮೆರಿಕದಲ್ಲಿ ಇದಕ್ಕೆ 1997ರಲ್ಲಿ ಒಪ್ಪಿಗೆ ಸಿಕ್ಕಿತು, 2017ರಲ್ಲಿ 4 ವರ್ಷ ದಾಟಿದ ಮಕ್ಕಳಿಗೂ ವಿಸ್ತರಿಸಿದರು.

ಡಿಬಿಎಸ್ ಅನ್ನುವುದರಲ್ಲಿ ವೈರು ಮೆದುಳಿನ ಒಳಗೇ, ಥಲಾಮಸ್ ಅನ್ನುವ ಆಳದ ಭಾಗಕ್ಕೆ ಹೋಗುತ್ತದೆ. ಇನ್ನು ಆರ್‌ಎನ್‌ಎಸ್ ತಲೆಬುರುಡೆಯಲ್ಲೇ ಕೂತು, ಫಿಟ್ಸ್ ಶುರುವಾಗುವುದನ್ನು ಗುರುತಿಸಿ ಅಲ್ಲೇ ವಿದ್ಯುತ್ ಕೊಡುತ್ತದೆ. ಇಲ್ಲಿ ನನಗೆ ಬರುವ ಫೋನುಗಳೆಲ್ಲ ವಿಎನ್‌ಎಸ್ ಬಗ್ಗೆಯೇ, ಹಾಗಾಗಿ ಮುಂದಿನದ್ದೆಲ್ಲ ಅದರದ್ದು.

ಹಂತ 5: ಒಪ್ಪಿಗೆ ಸಹಿ ಹಾಕುವ ಮುಂಚೆ ಈ ಪ್ರಶ್ನೆ ಕೇಳಿ

1. ಹಾಕಿದ ಮೇಲೆ ಸೆಟ್ಟಿಂಗ್ ಮಾಡುವವರು ಯಾರು, ಎಲ್ಲಿ? ಹಾಕುವುದು ಒಂದು ದಿನದ ಕೆಲಸ. ಸೆಟ್ಟಿಂಗ್ ಏರಿಸಲು ತಿಂಗಳುಗಟ್ಟಲೆ ಓಡಾಡಬೇಕು. ನಾಗಮಂಗಲದ ಹಳ್ಳಿಯಿಂದ ದೂರದ ಊರಿಗೆ ಎರಡು ವಾರಕ್ಕೊಮ್ಮೆ ಹೋಗಿಬರಲು ಆಗುತ್ತಾ, ಕೂಲಿ ತಪ್ಪುತ್ತಾ, ಜೊತೆಗೆ ಯಾರು ಬರುತ್ತಾರೆ ಅಂತ ಮನೆಯಲ್ಲಿ ಕೂತು ಲೆಕ್ಕ ಹಾಕಿ.

2. ಒಟ್ಟು ಖರ್ಚೆಷ್ಟು, ಬ್ಯಾಟರಿ ಎಷ್ಟು ವರ್ಷ? ಮಿಷನ್‌ಗೇ ಹಲವು ಲಕ್ಷ ಆಗುತ್ತದೆ. ಬ್ಯಾಟರಿ ಸೆಟ್ಟಿಂಗ್ ಮೇಲೆ ಹೋಗುತ್ತದೆ, ಮುಗಿದಾಗ ಎದೆಯ ಪೆಟ್ಟಿಗೆ ಬದಲಿಸಬೇಕು, ಅದಕ್ಕೂ ದುಡ್ಡು. ವಿಮೆ ಇದ್ದರೆ ಮಿಷನ್‌ಗೆ ಮಿತಿ ಇದೆಯಾ ಅಂತ ಬರಹದಲ್ಲಿ ಕೇಳಿ. ಬಿಪಿಎಲ್ ಕಾರ್ಡಿನವರು ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಯ ಬಗ್ಗೆ ದಾರಿ ತೋರಿಸುವವರು) ಮೊದಲೇ ಕಾಣಿ, ಮುಖ್ಯಮಂತ್ರಿ ಪರಿಹಾರ ನಿಧಿಯ ಅರ್ಜಿಯ ಬಗ್ಗೆಯೂ ವಿಚಾರಿಸಿ. ಹೊಲ ಅಡವಿಡುವ ಮುಂಚೆ ಇವೆಲ್ಲ ಮುಗಿಯಲಿ.

3. ಈ ಮಾಡೆಲ್‌ಗೆ ಎಂಆರ್‌ಐ ಹೇಗೆ ಮಾಡಿಸಬೇಕು? ಷರತ್ತಿನ ಮೇಲೆ ಮಾಡಬಹುದು, ಆದರೆ ಮೊದಲು ಮಿಷನ್ ಆಫ್ ಮಾಡಿಸಬೇಕು.

4. ಹೃದಯದ ಬಡಿತ ಏರಿದಾಗ ತಾನಾಗಿಯೇ ಕೆಲಸ ಮಾಡುವ ಬಗೆಯದ್ದಾ? ಫಿಟ್ಸ್ ಹೊತ್ತಿನಲ್ಲಿ ತುಂಬಾ ಜನರಿಗೆ ಬಡಿತ ಏರುತ್ತದೆ, ಹೊಸ ಮಾಡೆಲ್‌ಗಳು ಅದನ್ನು ಹಿಡಿಯುತ್ತವೆ.

ನೀವಾಗಿಯೇ ಹೇಳಬೇಕಾದದ್ದೂ ಇದೆ. ರಾತ್ರಿ ಜೋರಾಗಿ ಗೊರಕೆ ಹೊಡೆದು ಮಧ್ಯೆ ಉಸಿರು ಕಟ್ಟಿದ ಹಾಗೆ ಆಗುತ್ತಾ? ಹೃದಯದ ತೊಂದರೆ, ಅಸ್ತಮಾ ಇದೆಯಾ? ನುಂಗಲು ಕಷ್ಟವಾ? ಈ ಮಿಷನ್ ಇವನ್ನೆಲ್ಲ ಹೆಚ್ಚಿಸಬಹುದು.

ಹಂತ 6: ಆಪರೇಷನ್ ಮತ್ತು ಮೊದಲ ತಿಂಗಳುಗಳು

ಪೂರ್ತಿ ಅರಿವಳಿಕೆ ಕೊಟ್ಟು ಒಂದೆರಡು ಗಂಟೆಯಲ್ಲಿ ಮುಗಿಸುತ್ತಾರೆ. ಎರಡು ಗಾಯ: ಕುತ್ತಿಗೆಯಲ್ಲಿ ಒಂದು, ಎದೆಯಲ್ಲಿ ಒಂದು. ಗಾಯ ಕೆಂಪಾಗಿ, ಬಿಸಿಯಾಗಿ, ಕೀವು ಸೋರಿದರೆ ಅರಿಶಿನ ಹಚ್ಚುತ್ತಾ ಕೂರಬೇಡಿ, ಆ ದಿನವೇ ಹೋಗಿ. ಒಳಗೆ ಸೋಂಕು ಕೂತರೆ ಮಿಷನ್ನೇ ತೆಗೆಯಬೇಕಾಗಬಹುದು. ಮಕ್ಕಳು ಪೆಟ್ಟಿಗೆಯನ್ನು ಚರ್ಮದ ಮೇಲಿಂದ ತಿರುಗಿಸಿ ಆಡುತ್ತಾರೆ. ಬಿಡಬೇಡಿ, ವೈರು ತುಂಡಾಗುತ್ತದೆ.

ಸಾಮಾನ್ಯವಾಗಿ ಸುಮಾರು ಎರಡು ವಾರ ಬಿಟ್ಟು ಮಿಷನ್ ಆನ್ ಮಾಡುತ್ತಾರೆ. ಅಂಗಿಯ ಮೇಲೆಯೇ ಒಂದು ಸಾಧನ ಹಿಡಿದು ಕಂಪ್ಯೂಟರಿನಿಂದ ಸೆಟ್ ಮಾಡುತ್ತಾರೆ, ನೋವಿಲ್ಲ. 0.25 ಮಿಲಿಆಂಪಿಯರ್‌ನಿಂದ ಶುರುಮಾಡಿ ಪ್ರತಿ ಭೇಟಿಯಲ್ಲಿ ಸ್ವಲ್ಪ ಸ್ವಲ್ಪ ಏರಿಸುತ್ತಾರೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 30 ಸೆಕೆಂಡ್ ವಿದ್ಯುತ್, 5 ನಿಮಿಷ ಬಿಡುವು, ಹೀಗೆ ಹಗಲೂ ರಾತ್ರಿ.

ಆ 30 ಸೆಕೆಂಡ್ ಹೇಗಿರುತ್ತದೆ? ನನ್ನ ತಮ್ಮ ಫೋನಿನಲ್ಲಿ ಮಾತಾಡುತ್ತಿರುತ್ತಾನೆ, ಮಾತಿನ ನಡುವೆ ಗಂಟಲು ಕಟ್ಟಿದ ಹಾಗೆ ದನಿ ಒರಟಾಗುತ್ತದೆ, ಸ್ವಲ್ಪ ಹೊತ್ತಿಗೆ ತಾನಾಗಿ ಸರಿಹೋಗುತ್ತದೆ. ಆಚೆ ಕಡೆಯವರು 'ಶೀತ ಆಗಿದೆಯಾ' ಅಂತ ಕೇಳುತ್ತಾರೆ. ಗಂಟಲಲ್ಲಿ ಚುಮುಚುಮು, ಕೆಮ್ಮು, ಓಡುವಾಗ ಸ್ವಲ್ಪ ಏದುಸಿರು, ಇವೆಲ್ಲ ಸಾಮಾನ್ಯ. ಹೆಚ್ಚಿನವರಿಗೆ ದಿನ ಕಳೆದಂತೆ ಒಗ್ಗಿಹೋಗುತ್ತದೆ. ತಡೆಯಲು ಆಗದಿದ್ದರೆ ಮುಂದಿನ ಭೇಟಿಯಲ್ಲಿ ಹೇಳಿ, ಸೆಟ್ಟಿಂಗ್ ಇಳಿಸುತ್ತಾರೆ. ಸಹಿಸಿಕೊಂಡು ಸುಮ್ಮನಿರಬೇಡಿ.

ದನಿಯೇ ಕೆಲಸವಾಗಿರುವ ಮೇಷ್ಟ್ರು, ಹಾಡುವವರು, ಸಂತೆಯಲ್ಲಿ ಕೂಗಿ ಮಾರುವವರು ಮೈಸೂರಿನಲ್ಲಿರುವ ಅನುಕೂಲ ಬಿಡಬೇಡಿ. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ದನಿಯ ಪರೀಕ್ಷೆ, ನುಂಗುವ ಪರೀಕ್ಷೆ ಮಾಡುತ್ತಾರೆ. ಮಿಷನ್ ಹಾಕುವ ಮುಂಚೆ ಒಮ್ಮೆ ಮಾಡಿಸಿಟ್ಟರೆ ಆಮೇಲೆ ಹೋಲಿಸಲು ಆಗುತ್ತದೆ.

ಹಂತ 7: ಮ್ಯಾಗ್ನೆಟ್ ಬಳಸಲು ಎಲ್ಲರೂ ಕಲಿಯಿರಿ

ಮಿಷನ್ ಜೊತೆ ಒಂದು ಮ್ಯಾಗ್ನೆಟ್ ಕೊಡುತ್ತಾರೆ. ವಾಚಿನಂತೆ ಕೈಗೆ ಕಟ್ಟಿಕೊಳ್ಳಬಹುದು, ಸೊಂಟಕ್ಕೂ ಸಿಕ್ಕಿಸಬಹುದು. ಅದಕ್ಕೆ ಎರಡು ಕೆಲಸ, ಎರಡೂ ಬೇರೆ ಬೇರೆ. ಗೊಂದಲ ಆಗುವುದೇ ಇಲ್ಲಿ.

ಫಿಟ್ಸ್ ಬರುವ ಸೂಚನೆ ಸಿಕ್ಕಾಗ ಅಥವಾ ಶುರುವಾದಾಗ: ಮ್ಯಾಗ್ನೆಟ್ಟನ್ನು ಎದೆಯ ಪೆಟ್ಟಿಗೆಯ ಮೇಲೆ ಒಂದೆರಡು ಸೆಕೆಂಡ್ ಇಟ್ಟು ಹಾಗೇ ಸರಿಸಿ ತೆಗೆಯಿರಿ. ತೆಗೆದ ಮೇಲೆ ಒಂದು ಹೆಚ್ಚುವರಿ ವಿದ್ಯುತ್ ಹೋಗುತ್ತದೆ. ಕೆಲವರಿಗೆ ಫಿಟ್ಸ್ ಅಲ್ಲೇ ನಿಲ್ಲುತ್ತದೆ, ಕೆಲವರಿಗೆ ಚಿಕ್ಕದಾಗುತ್ತದೆ, ಕೆಲವರಿಗೆ ಏನೂ ಆಗುವುದಿಲ್ಲ. ಮತ್ತೆ ಎಷ್ಟು ಸಲ ಮಾಡಬಹುದು ಅಂತ ನಿಮ್ಮ ಡಾಕ್ಟರಿಂದ ಬರೆಸಿಕೊಳ್ಳಿ.

ಮಿಷನ್ ನಿಲ್ಲಿಸಬೇಕಾದಾಗ: ಮ್ಯಾಗ್ನೆಟ್ಟನ್ನು ಪೆಟ್ಟಿಗೆಯ ಮೇಲೆ ತೆಗೆಯದೆ ಒತ್ತಿ ಹಿಡಿಯಿರಿ. ಹಿಡಿದಿರುವಷ್ಟು ಹೊತ್ತು ವಿದ್ಯುತ್ ಇಲ್ಲ, ತೆಗೆದರೆ ಮತ್ತೆ ಶುರು. ಗಂಟಲು ನೋವು ವಿಪರೀತವಾದರೆ ಮ್ಯಾಗ್ನೆಟ್ಟನ್ನು ಪೆಟ್ಟಿಗೆಯ ಮೇಲೆ ಸರಿಯದ ಹಾಗೆ ಟೇಪು ಹಾಕಿ ಅಂಟಿಸಿ ಆಸ್ಪತ್ರೆಗೆ ಹೊರಡಿ. ನುಂಗಲು ಕಷ್ಟಪಡುವ ಮಕ್ಕಳಿಗೆ ಊಟದ ಹೊತ್ತಿನಲ್ಲಿ ಹೀಗೆ ಮಾಡಲು ಡಾಕ್ಟರು ಹೇಳಬಹುದು.

ಗಾಬರಿಯಲ್ಲಿ ಜನ ಮಾಡುವ ತಪ್ಪು ಏನೆಂದರೆ, ಫಿಟ್ಸ್ ಬಂದಾಗ ಮ್ಯಾಗ್ನೆಟ್ಟನ್ನು ಎದೆಗೆ ಒತ್ತಿ ಹಿಡಿದುಕೊಂಡೇ ಕೂತುಬಿಡುತ್ತಾರೆ. ಆಗ ಮಿಷನ್ ಆಫ್ ಆಗಿರುತ್ತದೆ! ನಮ್ಮಮ್ಮನೂ ಮೊದಲ ಸಲ ಹಾಗೇ ಮಾಡಿದ್ದರು. ರಾಗಿಮುದ್ದೆ ತಿರುವುತ್ತಿದ್ದ ಕೈ, ಹಿಟ್ಟು ಅಂಟಿಕೊಂಡಿದೆ, ಮ್ಯಾಗ್ನೆಟ್ಟನ್ನು ಗಟ್ಟಿಯಾಗಿ ಒತ್ತಿಕೊಂಡು 'ಏಳು ಕಂದ' ಅನ್ನುತ್ತಿದ್ದರು. ಆಮೇಲೆ ದಿಂಬಿನ ಮೇಲೆ ಅಭ್ಯಾಸ ಮಾಡಿಸಿದೆ: ಇಡು, ಒಂದು, ಎರಡು, ತೆಗೆ. ಹತ್ತು ಸಲ ಮಾಡಿದ ಮೇಲೆ ಕೈಗೆ ಬಂತು. ನೀವೂ ಹಾಗೇ ಮಾಡಿ. ಪಕ್ಕದ ಮನೆಯವರಿಗೆ, ಶಾಲೆಯ ಟೀಚರಿಗೆ, ಗದ್ದೆ ಕೆಲಸದ ಜೊತೆಗಾರರಿಗೆ ಕೂಡ ಕಲಿಸಿ.

ಮ್ಯಾಗ್ನೆಟ್ಟನ್ನು ಎಟಿಎಂ ಕಾರ್ಡು, ಮೊಬೈಲು, ಕಂಪ್ಯೂಟರಿನಿಂದ ದೂರ ಇಡಿ. ಹಾಗೆಯೇ ದೊಡ್ಡ ಸ್ಪೀಕರ್‌ನಂಥ ಬಲವಾದ ಮ್ಯಾಗ್ನೆಟ್ ಇರುವ ವಸ್ತುಗಳನ್ನು ಎದೆಯಿಂದ ಒಂದು ಗೇಣು ದೂರ ಇಡಿ. ಗಣೇಶನ ಹಬ್ಬದಲ್ಲಿ ಸೌಂಡ್ ಬಾಕ್ಸ್ ಎದೆಗಾನಿಸಿ ಎತ್ತುವುದು ಬೇಡ.

ಇನ್ನೊಂದು ದೊಡ್ಡ ಎಚ್ಚರಿಕೆ: ಡಯಾಥರ್ಮಿ. ಮಂಡಿನೋವು, ಭುಜನೋವಿಗೆ ಫಿಸಿಯೋಥೆರಪಿಯಲ್ಲಿ ಕೊಡುವ ಒಳಗಿನ ಶಾಖದ ಚಿಕಿತ್ಸೆ ಇದು. ವಿಎನ್‌ಎಸ್ ಇರುವವರಿಗೆ ಮೈಯ ಯಾವ ಭಾಗಕ್ಕೂ ಕೊಡಬಾರದು. ವೈರು ಕಾದು ನರ ಸುಡುತ್ತದೆ. ನನ್ನ ತಮ್ಮ ಭುಜನೋವಿಗೆ ಒಂದು ಕಡೆ ಹೋದಾಗ ಯಾರೂ ಏನೂ ಕೇಳದೆ ಆ ಶಾಖದ ಮಿಷನ್ ಹಚ್ಚಲು ಬಂದಿದ್ದರು. ಅವನೇ ಅಂಗಿ ಗುಂಡಿ ಬಿಚ್ಚಿ ಗಾಯದ ಗುರುತು ತೋರಿಸಿದ. ಅದಕ್ಕೇ ಹೇಳುವುದು: ಮೈಯಲ್ಲಿ ವಿಎನ್‌ಎಸ್ ಇದೆ ಅಂತ ತಿಳಿಸುವ ಮಿಷನ್ ಕಾರ್ಡು ಪರ್ಸಿನಲ್ಲಿರಲಿ, ಹಲ್ಲು ತೋರಿಸಲು ಹೋದರೂ ಮೊದಲು ಅದನ್ನೇ ಕೈಗೆ ಕೊಡಿ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗೆ ತೊಂದರೆಯಿಲ್ಲ.

ಹಂತ 8: ಮನೆ, ಗದ್ದೆ, ರಸ್ತೆ

ಮಿಷನ್ ಇದೆಯೆಂದು ಜಾಗ್ರತೆ ಸಡಿಲ ಬಿಡಬೇಡಿ.

ಬಚ್ಚಲುಮನೆಯ ಒಳಚಿಲಕ ತೆಗೆಸಿಬಿಡಿ, ಬಾಗಿಲಿಗೆ ಒಂದು ಟವೆಲ್ ಹಾಕಿದರೆ ಒಳಗೆ ಯಾರೋ ಇದ್ದಾರೆ ಅಂತ ಗೊತ್ತಾಗುತ್ತದೆ. ಸೌದೆ ಒಲೆ ಮುಂದೆ ಒಬ್ಬರೇ ಕೂರುವುದು ಬೇಡ. ವಿ.ಸಿ. ನಾಲೆಯಲ್ಲಿ ಬಟ್ಟೆ ಒಗೆಯಲು, ಈಜಲು, ರಾತ್ರಿ ಪಾಳಿಯ ಕರೆಂಟಿಗೆ ಪಂಪ್‌ಸೆಟ್ ಹಾಕಲು ಒಂಟಿಯಾಗಿ ಕಳಿಸಬೇಡಿ. ಮಂಡ್ಯ ಕಡೆಯವರಿಗೆ ವಿಶೇಷವಾಗಿ ಹೇಳಬೇಕು: ಆಲೆಮನೆಯಲ್ಲಿ ಕುದಿಯುವ ಕೊಪ್ಪರಿಗೆ ಹತ್ತಿರ, ಗಾಣಕ್ಕೆ ಕಬ್ಬು ಕೊಡುವ ಜಾಗದಲ್ಲಿ ಫಿಟ್ಸ್ ಇರುವವರು ಕೆಲಸ ಮಾಡಲೇಬಾರದು. ಅಚ್ಚಿಗೆ ಬೆಲ್ಲ ಹಾಕಿ ಆರಿದ ಮೇಲೆ ಜೋಡಿಸುವುದು, ಲೆಕ್ಕ ಬರೆಯುವುದು ಮಾಡಲಿ. ಕೆಲಸ ಬಿಡಿಸಿ ಮನೆಯಲ್ಲಿ ಕೂರಿಸುವುದಕ್ಕಿಂತ ಕೆಲಸದ ಜಾಗ ಬದಲಿಸುವುದು ಎಷ್ಟೋ ವಾಸಿ.

ಗಾಡಿ ಓಡಿಸುವುದು: ಲೈಸೆನ್ಸ್‌ಗೆ ಕೊಡುವ ಫಾರಂ 1ರಲ್ಲಿ ಮೂರ್ಛೆರೋಗ ಇದೆಯಾ ಅಂತ ನೇರವಾಗಿ ಕೇಳುತ್ತಾರೆ. ಸುಳ್ಳು ಬರೆಯಬೇಡಿ.

ಮದುವೆಯ ವಿಷಯಕ್ಕೆ ತುಂಬಾ ಜನ ಮುಚ್ಚಿಡುತ್ತಾರೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಮದುವೆಗೆ ಅಡ್ಡಿ ಅಂತ ಇಟ್ಟಿದ್ದ ಸಾಲನ್ನು 1999ರಲ್ಲೇ ತೆಗೆದುಹಾಕಿದ್ದಾರೆ. ಕಾನೂನಿನ ಅಡ್ಡಿ ಇಲ್ಲ ಅಂದಮೇಲೆ ಹೇಳಿಯೇ ಮಾಡಿ. ಮುಚ್ಚಿಟ್ಟ ಮನೆಯಲ್ಲಿ ಸೊಸೆಯೋ ಅಳಿಯನೋ ಕದ್ದು ಮಾತ್ರೆ ನುಂಗಲು ಹೋಗಿ ತಪ್ಪಿಸುತ್ತಾರೆ, ಫಿಟ್ಸ್ ಜಾಸ್ತಿಯಾಗುತ್ತದೆ. ಮಗು ಬೇಕೆನ್ನುವ ಹೆಣ್ಣುಮಕ್ಕಳು ಬಸಿರಾಗುವ ಮುಂಚೆಯೇ ಡಾಕ್ಟರ ಹತ್ತಿರ ಮಾತಾಡಿ. ವಾಲ್ಪ್ರೊಯೇಟ್‌ನಂಥ ಕೆಲವು ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೆಯದಲ್ಲ. ಆದರೆ ನೀವಾಗಿಯೇ ನಿಲ್ಲಿಸುವಂತಿಲ್ಲ.

ಹಂತ 9: ಫಿಟ್ಸ್ ಬಂದೇಬಿಟ್ಟರೆ

ಗಡಿಯಾರ ನೋಡಿ. ಮ್ಯಾಗ್ನೆಟ್ ಇಟ್ಟು ತೆಗೆಯಿರಿ. ಮಗ್ಗುಲಾಗಿ ಮಲಗಿಸಿ, ತಲೆ ಕೆಳಗೆ ಮೆತ್ತಗಿರುವುದೇನಾದರೂ ಇಡಿ, ಕತ್ತಿನ ಗುಂಡಿ ಸಡಿಲಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಮೂಗಿಗೆ ಈರುಳ್ಳಿ, ಚಪ್ಪಲಿ ಹಿಡಿಯುವುದು ಏನೂ ಪ್ರಯೋಜನವಿಲ್ಲ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಹಾಕಬೇಡಿ. ಕೈಕಾಲು ಅದುಮಿ ಹಿಡಿಯಬೇಡಿ. ಡಾಕ್ಟರು ಮೂಗಿಗೆ ಸಿಂಪಡಿಸುವ ಮಿಡಜೋಲಾಮ್ ಕೊಟ್ಟಿದ್ದರೆ ಅವರು ಹೇಳಿದ ಹೊತ್ತಿಗೆ ಸಿಂಪಡಿಸಿ.

5 ನಿಮಿಷ ದಾಟಿದರೆ, ಎಚ್ಚರ ಬರುವ ಮುಂಚೆ ಇನ್ನೊಂದು ಬಂದರೆ, ನೀರಿನಲ್ಲಿ ಬಿದ್ದಿದ್ದರೆ, ತಲೆಗೆ ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಿ.

ಹಂತ 10: ತಪಾಸಣೆ ಬಿಡಬೇಡಿ

ಸೆಟ್ಟಿಂಗ್ ಒಂದು ಹಂತಕ್ಕೆ ನಿಂತ ಮೇಲೂ ಹೋಗುತ್ತಿರಬೇಕು. ಪ್ರತಿ ಸಲ ಬ್ಯಾಟರಿ ಎಷ್ಟಿದೆ, ವೈರು ಸರಿಯಿದೆಯಾ ಅಂತ ಕೇಳಿ ಕ್ಯಾಲೆಂಡರ್ ಹಿಂದೆ ಬರೆದುಕೊಳ್ಳಿ. ಚೆನ್ನಾಗಿದ್ದವರಿಗೆ ಇದ್ದಕ್ಕಿದ್ದಂತೆ ಫಿಟ್ಸ್ ಹೆಚ್ಚಾದರೆ, ಮ್ಯಾಗ್ನೆಟ್ ಇಟ್ಟು ತೆಗೆದರೂ ಗಂಟಲಲ್ಲಿ ಏನೂ ಆಗದಿದ್ದರೆ ಬ್ಯಾಟರಿ ಮುಗಿದಿರಬಹುದು, ವೈರು ತುಂಡಾಗಿರಬಹುದು. ಮುಂದಿನ ತಾರೀಕಿನವರೆಗೆ ಕಾಯಬೇಡಿ. ಬ್ಯಾಟರಿ ಮುಗಿದದ್ದಾದರೆ ಎದೆಯ ಪೆಟ್ಟಿಗೆ ಮಾತ್ರ ಬದಲಿಸುತ್ತಾರೆ. ವೈರು ಸರಿಯಿದ್ದರೆ ಕುತ್ತಿಗೆ ಮತ್ತೆ ಕೊಯ್ಯುವುದಿಲ್ಲ.

ಹೊರಡುವಾಗ ಚೀಲದಲ್ಲಿ ಇಷ್ಟಿರಲಿ: ಮಿಷನ್ ಕಾರ್ಡು, ಮ್ಯಾಗ್ನೆಟ್, ಕ್ಯಾಲೆಂಡರ್ ಹಾಳೆಗಳು, ಫಿಟ್ಸ್‌ನ ವಿಡಿಯೋ ಇರುವ ಫೋನು, ಈಗ ನುಂಗುತ್ತಿರುವ ಮಾತ್ರೆಯ ಖಾಲಿ ಪಟ್ಟಿಗಳು, ಆ ದಿನದ ಮಾತ್ರೆ, ಒಂದು ಬಾಟಲಿ ನೀರು. ಬಸ್ಸಿನಲ್ಲಿ ಕಿಟಕಿ ಪಕ್ಕ ಅವರನ್ನು ಕೂರಿಸಿ, ಆಚೆ ಕಡೆ ನೀವು ಕೂತುಕೊಳ್ಳಿ.